ಸೋಮವಾರದ ಟೆಸ್ಟು

"ಬರೇ ಟೆಸ್ಟಿಗೆ ಯಾರರ ಇಷ್ಟು ಹೆದರ್ತಾರೇನು?" ಠಾಣೆಯ ಖಾಲಿ ಕೋಣೆಯಲ್ಲಿ ಸಾವಂತ್ರೆವ್ವ ಗಟ್ಟಿಯಾಗಿ ಕೇಳಿದಳು.

ಊರವರೆಲ್ಲರ ಕೈಯಲ್ಲೂ ಭಯದ ಬಳೆಯಿತ್ತು. ಎದೆ ನಡುಗಿದರೆ ಸಾಕು, ಸಿಗ್ನಲ್ ಅವಳ ರಿಸೀವರಿಗೆ ಬಂದು ಆ ಮನೆಗೆ ಪೊಲೀಸ್ ಜೀಪು ಹೊರಡುತ್ತಿತ್ತು. ಬಳೆ ಪರೀಕ್ಷಿಸಲೆಂದು ಮನೆಯ ಯಜಮಾನ ಮೊದಲೇ ಫೋನಿನಲ್ಲಿ 'ಟೆಸ್ಟು' ಎಂದರೆ ಮಾತ್ರ ಆ ಮನೆಗೆ ಒಂದು ತಾಸು ಜೀಪು ಹೋಗುತ್ತಿರಲಿಲ್ಲ. ಶಿವಯೋಗಿ ಪ್ರತಿ ಸೋಮವಾರ ಮಧ್ಯಾಹ್ನ ಟೆಸ್ಟು ಹೇಳುತ್ತಿದ್ದ. ಈ ಸೋಮವಾರ ರಿಸೀವರಿನ ಕಾಗದದ ಸುರುಳಿ ಬಿಡಿಸಿ ನೋಡಿದರೆ, ಹಿಂದಿನ ಸೋಮವಾರಗಳ ಆ ಟೆಸ್ಟಿನ ತಾಸುಗಳಲ್ಲೆಲ್ಲ ಅವನ ಹೆಂಡತಿಯ ಬಳೆ ಬಿಟ್ಟೂಬಿಡದೆ ಕೂಗಿತ್ತು.

ಫೋನು ಬಂತು. "ಅಕ್ಕಾರ, ಶಿವಯೋಗಿ ಮಾತಾಡೋದು. ನಮ್ಮನಿ ಟೆಸ್ಟಿಗೆ ಹಾಕ್ರಿ."

"ನಿನ್ನ ಹೆಂಡ್ತಿ ಕೈಗೆ ಫೋನ್ ಕೊಡು."

"ನಿನ್ನ ಭಜನಿ ಸಾಕು ಮಾಡಿ ಗುಂಡಿ ಒತ್ತಬೇ!"

ಆ ಕಡೆ ಬಾಗಿಲಿಗೆ ಅಗುಳಿ ಹಾಕಿದ ಸದ್ದು ಕೇಳಿತು. ಸಾವಂತ್ರೆವ್ವ ಒತ್ತಿದಳು, ಜೀಪು ಕಳಿಸುವ ಗುಂಡಿಯನ್ನು.

"ಟೆಸ್ಟಿಗೆ ಹಾಕಿದ್ಯೇನು?"

"ಇಲ್ಲ. ಹಾಕಂಗಿಲ್ಲ."