ಅಡುಗೆಮನೆಯೊಳಗಿನ ಕೆರೆ

ಕೆಂಪು ಪೇಂಟಿನ ವಾಸನೆ ಮೂಗಿಗೆ ಬಡಿದರೆ ಈಗಲೂ ಸಾಗರದ ನಮ್ಮ ಹೊಸ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕೆರೆಯ ಗಡಿ ಗುರುತಿಸಲು ಬಂದ ಸರ್ವೆಯವರು ಹಿತ್ತಲಿನಿಂದ ಅಳೆಯುತ್ತಾ ಒಳಗೇ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕೆಂಪು ಪೇಂಟಿನ ಗೆರೆ ಎಳೆದರು.

"ಇಲ್ಲಿ ತನಕ ಕೆರೆ ಜಾಗ ಸಾರ್. ಕಟ್ಟೋ ಹಾಗೇ ಇರ್ಲಿಲ್ಲ."

ಅಪ್ಪ ರೇಗಿದ. "ಇಲ್ಲೆಲ್ಲಿದೆ ಕೆರೆ? ನಮ್ಮಮ್ಮನ್ನೇ ಕೇಳಿ, ಇದೇ ಊರಲ್ಲಿ ಹುಟ್ಟಿದೋರು."

ಅಜ್ಜಿ ನುಣುಪು ಟೈಲ್ಸಿನ ನೆಲ ನೋಡುತ್ತಾ ಹೇಳಿದಳು: "ಕೆರೆನೇ ಮಾರಾಯ. ನಾನು ಈಜು ಕಲ್ತಿದ್ದು ಇಲ್ಲೇ. ನೀನು ಸೈಟ್ ತಗಂಡ ಮೇಲೆ ಬಂದು ಹೇಳ್ದೆ, ಆಮೇಲೆ ನಾನು ಎಂತ ಹೇಳೋದು?"

ಅಮ್ಮ ಒಲೆ ಆರಿಸಿ, ಕುದಿಯುತ್ತಿದ್ದ ಸಾರಿನ ಪಾತ್ರೆಯನ್ನೆತ್ತಿ, ಗೆರೆ ದಾಟಿ ಜಗಲಿಗೆ ತಂದಿಟ್ಟಳು.