ಇನ್ನೊಂದು ಸುತ್ತು

ಆ ಪಿಯಾನೋ ಅಭ್ಯಾಸಕೃತಿಯಲ್ಲಿ ಒಂದೇ ಪುಟ್ಟ ಸಾಲನ್ನು ನೂರೆಂಟು ಸಲ ನುಡಿಸಬೇಕು. ಅದನ್ನು ರಚಿಸಿದವರೇ ಕೇಳಲು ಬರುವವರಿದ್ದರು. ಅವರು ಮೆಚ್ಚಿದರೆ ಮಾತ್ರ ಉಳಿದ ಕೃತಿಗಳನ್ನು ನುಡಿಸುವ ಭಾಗ್ಯ. ಸುಮೇಧಾಳಿಗೆ ಲೆಕ್ಕ ತಪ್ಪುವ ಭಯ.

"ನಾನು ಎದುರಿಗೇ ಕೂತು ಜಪಮಾಲೆ ಎಣಿಸ್ತೀನಿ ಕಣೇ. ಸುತ್ತು ಮುಗಿದಾಗ ಕಣ್ಣಿಗೊತ್ಕೋತೀನಿ, ನೀನು ನಿಲ್ಸು," ಎಂದರು ಅಜ್ಜಿ.

ಸುಮೇಧಾ ನುಡಿಸಿದಳು, ನುಡಿಸುತ್ತಲೇ ಇದ್ದಳು. ಬೆರಳು ಸೋತರೂ ಅಜ್ಜಿಯ ಮಾಲೆ ಮೇಲೇಳಲಿಲ್ಲ. ಅಜ್ಜಿಯ ಪಕ್ಕದಲ್ಲಿ ಕೂತಿದ್ದ ರಚನೆಕಾರರು ಸ್ವರಪುಸ್ತಕ ಮುಚ್ಚಿಟ್ಟರು. ಬೇಸತ್ತರೆಂದುಕೊಂಡಳು ಸುಮೇಧಾ. ಎಷ್ಟೋ ಹೊತ್ತಿನ ಮೇಲೆ ಮಾಲೆ ಕಣ್ಣಿಗೆ ತಾಗಿತು.

"ಹಾಳಾಯ್ತಲ್ಲಜ್ಜಿ! ತೂಕಡಿಸ್ತಿದ್ಯಾ?" ಹೊರಗೆ ಬಂದು ಅತ್ತಳು.

"ತೂಕಡಿಕೆ ಎಲ್ಲಿಯದೇ? ನೀನು ತಲೆ ಬಗ್ಗಿಸಿ ನುಡಿಸ್ತಿದ್ದಾಗ, ಸುತ್ತು ಮುಗೀತು ಅಂತ ಮಾಲೆ ಎತ್ತೋಕೆ ಹೋದೆ. ಆ ಪುಣ್ಯಾತ್ಮರೇ ನನ್ನ ಕೈ ಹಿಡ್ಕೊಂಡು, 'ಇನ್ನೊಂದು ಸುತ್ತು ಆಗ್ಲಿ ತಾಯಿ' ಅಂದ್ರು."