ಇನ್ನೂ ಹದಕ್ಕೆ ಬಂದಿಲ್ಲ

"ಇನ್ನೂ ಹದಕ್ಕೆ ಬಂದಿಲ್ಲಮ್ಮ," ಎಂದ ಭಾವ, ನೆಲಮಾಳಿಗೆಯ ಬಾಗಿಲಿಗೆ ಅಡ್ಡ ನಿಂತು.

"ಹೋದ ತಿಂಗಳೂ ಇದೇ ಹಾಡು, ಅದರ ಹಿಂದಿನ ತಿಂಗಳೂ ಇದೇ. ನಿಮ್ಮ ಚೀಸು ಹಣ್ಣಾಗೋದ್ರೊಳಗೆ ನಿಮ್ಮ ತಮ್ಮ ಉದುರಿ ಹೋಗ್ತಾರೆ, ಬಿಡಿ."

ಭಾವ ಬಾಗಿಲು ಎಳೆದುಕೊಂಡ. ಈ ಮನುಷ್ಯನ ಜೊತೆ ಜಗಳ ಆಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ ಅನ್ನಿಸಿತು ಅವಳಿಗೆ.

ಅಣ್ಣತಮ್ಮಂದಿರದು ಚೀಸ್ ಮಾಡುವ ಕಸುಬು. ಮೇಲೆ ಹಾಲು ಕಾಯಿಸುವ ಕೋಣೆ, ಕೆಳಗೆ ಹಲಗೆಗಳ ಮೇಲೆ ವರ್ಷಗಟ್ಟಲೆ ಮಾಗುವ, ಗಾಲಿಯಂತೆ ದುಂಡಗಿನ ಚೀಸಿನ ಚಕ್ರಗಳು. ಅಲ್ಲಿನ ವಾಸನೆ ಅವಳಿಗೆ ಆಗದು. ಮದುವೆಯಾಗಿ ಬಂದಾಗಿನಿಂದ ಕೆಳಗೆ ಕಾಲಿಟ್ಟವಳಲ್ಲ. ಊರವರ ಬಟ್ಟೆ ಹೊಲಿದುಕೊಂಡು ತನ್ನ ಪಾಡಿಗೆ ತಾನಿದ್ದಳು.

ಗಂಡನ ಯಕೃತ್ತಿನಲ್ಲಿ ಕ್ಯಾನ್ಸರ್ ಎಂದು ತಿಳಿದ ಮೇಲೆ ಅವಳು ಮಾಡದ ಆರೈಕೆಯಿಲ್ಲ. ಯಾವುದೋ ಬೇರಿನ ಕಷಾಯ, ಯಾವುದೋ ಎಲೆಯ ರಸ. ಒಂದೊಂದು ಕೈಕೊಟ್ಟಾಗಲೂ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಆಗ ಕಾಯಿಲೆಯವನೇ ಎದ್ದು ಅವಳಿಗೆ ಗಂಜಿ ಕಾಯಿಸಬೇಕಾಗುತ್ತಿತ್ತು.

ಆಮೇಲೆ ಆಸ್ಪತ್ರೆಯ ನರ್ಸ್ ಒಬ್ಬಳು ಹೇಳಿದಳು, ಹಳೆಯ ಚೀಸಿನಲ್ಲಿ ಏನೋ ಸತ್ವವಿದೆಯಂತೆ, ಕ್ಯಾನ್ಸರನ್ನು ತಡೆಯುತ್ತದಂತೆ, ಹಳತಾದಷ್ಟೂ ಒಳ್ಳೆಯದಂತೆ.

"ಇಲಿಗಳ ಮೇಲೆ ನೋಡಿದ್ದಾರಮ್ಮ, ಮನುಷ್ಯರಿಗೆ ಆಗುತ್ತೆ ಅಂತ ಹೇಳೋಕಾಗಲ್ಲ," ಎಂದರು ಡಾಕ್ಟರು. "ತಿಂದರೆ ತಿನ್ನಲಿ. ನಮ್ಮ ಔಷಧಿ ಮಾತ್ರ ನಿಲ್ಲಿಸಬೇಡಿ."

ಅವಳ ಕಿವಿಗೆ ಬಿದ್ದದ್ದು 'ತಿನ್ನಲಿ' ಎಂಬುದೊಂದೇ.

ಮನೆಯಲ್ಲಿದ್ದುದರಲ್ಲೆಲ್ಲ ಹಳೆಯದು ಮೂಲೆಯ ಹಲಗೆಯ ಚಕ್ರ. ಅದು ಮಾಗಿದ ದಿನ ಮೊದಲ ತುಂಡು ಗಂಡನಿಗೆ. ಅಷ್ಟಾದರೆ ಸಾಕು, ಅವನು ಎದ್ದು ಕೂರುತ್ತಾನೆ. ಬೆಳಗಾದರೆ ಅವಳ ಬಾಯಲ್ಲಿ ಇದೇ ಮಾತು. ಅಣ್ಣತಮ್ಮ ಇಬ್ಬರೂ ಕೆಳಗಿಳಿಯುತ್ತಿದ್ದರು, ಗಂಡ ಗೋಡೆ ಹಿಡಿದುಕೊಂಡು. ಚಕ್ರಗಳನ್ನು ಮಗುಚಿ, ಉಪ್ಪುನೀರಿನ ಬಟ್ಟೆಯಲ್ಲಿ ಒರೆಸಿ ಬರುತ್ತಿದ್ದರು. ಮೇಲೆ ಬಂದು ಬಾಯಿ ಬಿಡುವವನು ಮಾತ್ರ ಭಾವ.

"ಇನ್ನೂ ಆಗಿಲ್ಲಮ್ಮ."

"ನಿಮ್ಮಣ್ಣಂಗೆ ಕರುಳು ಅನ್ನೋದು ಇದೆಯಾ?" ಎಂದು ಗಂಡನ ಮೇಲೆ ಹರಿಹಾಯ್ದಳು.

"ಅವನನ್ನ ಬಯ್ಯಬೇಡ ಕಣೇ. ಆತುರಪಟ್ಟರೆ ಚೀಸು ಮಾತು ಕೇಳುತ್ತಾ?"

"ನೀವೂ ಅವರ ಕಡೆಗೇ! ಸರಿಯಾಯ್ತು."

ಅವನು ನಕ್ಕ. ನಗುವುದಕ್ಕೂ ಅವನಿಗೀಗ ದಣಿವಾಗುತ್ತಿತ್ತು.

ಅಂದು ಮಧ್ಯಾಹ್ನ ಅವಳು ತಂದಿಟ್ಟ ಅನ್ನವನ್ನು ಅವನು ಮುಟ್ಟಲಿಲ್ಲ. ಭಾವ ಅಂಗಡಿಗಳಿಗೆ ಸರಕು ಹಾಕಲು ಹೋಗಿದ್ದ. ಅವಳು ಅಡುಗೆಮನೆಯ ದೊಡ್ಡ ಚಾಕು ತೆಗೆದುಕೊಂಡಳು. ಸೆರಗಿನಿಂದ ಮೂಗು ಮುಚ್ಚಿ ಮೆಟ್ಟಿಲಿಳಿದಳು.

ಮೂಲೆಯ ಹಲಗೆಯ ಚಕ್ರದೊಳಗೆ ಚಾಕು ಇಳಿಯಲಿಲ್ಲ. ಮೈಭಾರವೆಲ್ಲ ಹಾಕಿ ಒತ್ತಿದಾಗ ಚಕ್ರ ಬಿರುಕು ಬಿಟ್ಟು ಎರಡಾಯಿತು. ಒಳಗೆ ಬೆಲ್ಲದ ಬಣ್ಣ. ಒಂದು ಚೂರು ಬಾಯಿಗಿಟ್ಟಳು. ಹಲ್ಲಿಗೆ ಸಣ್ಣ ಹರಳುಗಳು ಸಿಕ್ಕವು, ನಾಲಿಗೆಯ ಮೇಲೆ ಘಮ ನಿಂತಿತು. ಏನೂ ತಿಳಿಯದ ಅವಳಿಗೂ ತಿಳಿಯಿತು, ಇದು ಮಾಗಿ ಯಾವ ಕಾಲವಾಯಿತೋ.

ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಭಾವ.

"ಯಾರಿಗೆ ಮಾರೋಕೆ ಬಚ್ಚಿಟ್ಟಿದ್ರಿ?" ಅವಳು ಚಾಕು ಹಿಡಿದೇ ತಿರುಗಿದಳು. "ಒಡಹುಟ್ಟಿದವರಿಗಿಂತ ಹೆಚ್ಚಿನ ಗಿರಾಕಿ ಯಾರು ನಿಮಗೆ? ಹೇಳಿ!"

ಭಾವ ಕೊನೆಯ ಮೆಟ್ಟಿಲ ಮೇಲೆ ಕೂತ. ಒಡೆದ ಚಕ್ರವನ್ನು ನೋಡಿದ.

"ಹದ ಹೇಳೋ ನಾಲಿಗೆ ನಂದಲ್ಲಮ್ಮ. ಅಪ್ಪ ಇದ್ದಾಗಿಂದಲೂ ಅದು ತಮ್ಮನ ಕೆಲಸ. ನೀನು ಕೇಳಿದ ಮೊದಲ ದಿನವೇ ಸಣ್ಣ ತೂತು ಕೊರೆದು ರುಚಿ ನೋಡಿದ, ಆಗಿದೆ ಅಂದ. ಆಮೇಲೆ ನನ್ನ ಕೈ ಹಿಡ್ಕೊಂಡ."

"ಏನಂತ?"

"'ಇದೊಂದು ಆಸೆ ಉಳಿದಿದೆ ಅಂತಲೇ ಅವಳು ಬೆಳಗ್ಗೆ ಎದ್ದು ಒಲೆ ಹಚ್ತಾಳೆ ಕಣಣ್ಣ, ನಾನಿರೋವರೆಗೂ ಇನ್ನೂ ಆಗಿಲ್ಲ ಅಂತಲೇ ಹೇಳ್ತಿರು' ಅಂತ."